ಲ್ಯಾಪ್‌ಟಾಪಿನಲ್ಲಿ ಶಬ್ದವೇ ಬರುತ್ತಿಲ್ಲ, ಅಂಗಡಿಯವರು ಫಾರ್ಮ್ಯಾಟ್ ಅಂತಾರೆ, ಏನು ಮಾಡಲಿ?

ಮಾನ್ವಿ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಮಾತಾಡಿ ಟೈಪ್ ಮಾಡುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ. ಮಾನ್ವಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇದೆ, ಪರದೆ ಮೇಲೆ ಇರೋದನ್ನೆಲ್ಲ ಅದು ಓದಿ ಹೇಳುತ್ತದೆ, ಕನ್ನಡಕ್ಕೆ ಈ-ಸ್ಪೀಕ್ ದನಿ ಹಾಕಿಕೊಂಡಿದ್ದೇನೆ. ನನ್ನ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪಾಠದ ಟಿಪ್ಪಣಿ ಎಲ್ಲ ಅದರಲ್ಲೇ ಇವೆ.

ಮೊನ್ನೆ ಸಂಜೆ ಕರೆಂಟ್ ಹೋಗಿ ಬಂತು. ಬ್ಯಾಟರಿ ಹಳೆಯದು, ಹಾಗಾಗಿ ಲ್ಯಾಪ್‌ಟಾಪ್ ಆಫ್ ಆಯಿತು. ಮತ್ತೆ ಆನ್ ಮಾಡಿದರೆ ಫ್ಯಾನ್ ತಿರುಗುವುದು ಕೇಳುತ್ತದೆ, ಅಷ್ಟೇ. ಎನ್‌ವಿಡಿಎ ಮಾತಾಡುತ್ತಿಲ್ಲ, ವಿಂಡೋಸ್‌ನ ಯಾವ ಸದ್ದೂ ಇಲ್ಲ. ನಿಮಗೆ ಸ್ಪೀಕರ್ ಹೋದರೆ ಹಾಡು ಕೇಳುವುದಿಲ್ಲ, ನನಗೆ ಪರದೆಯೇ ಹೋದ ಹಾಗೆ.

ರಾಯಚೂರಿಗೆ ಹೋಗಿ ಒಂದು ಅಂಗಡಿಯಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಸೌಂಡ್ ಐಸಿ (ಶಬ್ದದ ಚಿಪ್) ಹೋಗಿದೆ ಸರ್, ಮೊದಲು ಫಾರ್ಮ್ಯಾಟ್ ಮಾಡೋಣ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋಣ, ಆಗದಿದ್ದರೆ ಬೋರ್ಡ್ ಕೆಲಸ, 4,500 ಆಗುತ್ತದೆ ಅಂದರು. ಬೇಡ ಅಂತ ವಾಪಸ್ ತಂದೆ. ವಿಂಡೋಸ್ 11, ನಾಲ್ಕು ವರ್ಷದ ಗಾಡಿ. ಏನು ಮಾಡಲಿ?

ಗಂಗಾವತಿ_ಬ್ರೋ:
ವೈರಸ್ ಇರಬೇಕು ಸರ್. ಫಾರ್ಮ್ಯಾಟ್ ಹೊಡೆಸಿಬಿಡಿ, ಒಂದು ಗಂಟೆ ಕೆಲಸ. ನಂದೂ ಹಾಗೇ ಸರಿ ಹೋಯ್ತು.

ಹಳೇ_ಬೆಸುಗೆ:
ಮೇಷ್ಟ್ರೇ, ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ನಾನು ಬಳ್ಳಾರಿಯಲ್ಲಿ ಲ್ಯಾಪ್‌ಟಾಪ್ ಬೋರ್ಡ್ ಕೆಲಸ ಮಾಡುತ್ತೇನೆ. ಐಸಿ ಹೋಗಿದೆ ಅಂತ ಗೊತ್ತಿದ್ದರೆ ಫಾರ್ಮ್ಯಾಟ್ ಯಾಕೆ? ಫಾರ್ಮ್ಯಾಟ್ ಮಾಡಿದರೆ ಸರಿ ಹೋಗುತ್ತದೆ ಅನ್ನುವುದಾದರೆ ಐಸಿ ಹೋಗಿದೆ ಅಂತ ಹೇಳಿದ್ದು ಯಾಕೆ? ಎರಡೂ ಒಟ್ಟಿಗೆ ನಿಜ ಆಗುವುದಿಲ್ಲ. ಗೊತ್ತಿಲ್ಲ ಅನ್ನುವುದನ್ನೇ ಹೀಗೆ ಹೇಳುತ್ತಾರೆ.

ಕರೆಂಟ್ ಏರಿಳಿತಕ್ಕೆ ಸೌಂಡ್ ಒಂದೇ ಸುಟ್ಟು ಉಳಿದದ್ದೆಲ್ಲ ನೆಟ್ಟಗಿರುವುದು ಬಹಳ ಅಪರೂಪ. ಏರಿಳಿತ ಬಂದರೆ ಮೊದಲು ಅಡಾಪ್ಟರ್ ಸಾಯುತ್ತದೆ, ಆಮೇಲೆ ಚಾರ್ಜಿಂಗ್ ಭಾಗ. ಹಾಗಾಗಿ ಕರೆಂಟ್ ಮೇಲೆ ಈಗಲೇ ತಪ್ಪು ಹೊರಿಸಬೇಡಿ. ಮೊದಲು ಮೂರು ಪ್ರಶ್ನೆ. ಸೌಂಡ್ ಚಿಪ್ ವಿಂಡೋಸ್‌ಗೆ ಕಾಣುತ್ತಿದೆಯಾ? ಕಂಡರೆ, ಶಬ್ದವನ್ನು ಅದು ಎಲ್ಲಿಗೆ ಕಳಿಸುತ್ತಿದೆ? ಅಲ್ಲಿಗೆ ಹೋದ ಮೇಲೆ ಯಾಕೆ ಕೇಳುತ್ತಿಲ್ಲ? ಇದೇ ಸಾಲಿನಲ್ಲಿ ಹೋದರೆ ಸುಮ್ನೆ ದುಡ್ಡು ಹಾಳಾಗುವುದಿಲ್ಲ. ಮನೆಯಲ್ಲಿ ಪರದೆ ನೋಡಿ ಹೇಳುವವರು ಯಾರಾದರೂ ಇದ್ದಾರಾ?

ಬಳ್ಳಾರಿ_ಕೀಬೋರ್ಡ್:
ಸರ್, ನಾನೂ ಎನ್‌ವಿಡಿಎ ಬಳಸುವವಳೇ, ಬ್ಯಾಂಕಿನಲ್ಲಿ ಕೆಲಸ. ಬೆಸುಗೆ ಅಣ್ಣ ಕೇಳಿದ್ದು ಸರಿ. ಅದಕ್ಕೂ ಮೊದಲು ನಮ್ಮಂಥವರು ನೋಡಬೇಕಾದ್ದು ಬೇರೆ ಇದೆ. ಎನ್‌ವಿಡಿಎ ಮಾತು ನಿಂತಿದೆಯಾ, ಇಲ್ಲ ಲ್ಯಾಪ್‌ಟಾಪಿನ ಶಬ್ದವೇ ನಿಂತಿದೆಯಾ? ಎರಡೂ ಬೇರೆ ಬೇರೆ.

ಇನ್ಸರ್ಟ್ ಹಿಡಿದು ಎಸ್ ಒತ್ತಿದರೆ ಮಾತಿನ ರೀತಿ ಬದಲಾಗುತ್ತದೆ, ಒಂದು ಹಂತದಲ್ಲಿ ಪೂರ್ತಿ ಬಂದ್. ಕೈ ತಪ್ಪಿ ಒತ್ತಿರುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ಮೂರು ಸಲ ಒತ್ತಿ ನೋಡಿ. ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ, ವಿಂಡೋಸ್‌ನದೇ ನರೇಟರ್ ಶುರುವಾಗುತ್ತದೆ. ನರೇಟರ್ ಮಾತಾಡಿದರೆ ತೊಂದರೆ ಎನ್‌ವಿಡಿಎಯದ್ದು. ಅದೂ ಸುಮ್ಮನಿದ್ದರೆ ಬೆಸುಗೆ ಅಣ್ಣನ ದಾರಿ.

ಇನ್ನೊಂದು. ಶಟ್‌ಡೌನ್ ಮಾಡಿ ಆನ್ ಮಾಡಿದರೆ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ, ಫಾಸ್ಟ್ ಸ್ಟಾರ್ಟಪ್ ಅನ್ನುವುದು ಹಳೆಯ ಸ್ಥಿತಿಯನ್ನು ಅರ್ಧ ಉಳಿಸಿಕೊಂಡಿರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಪೂರ್ತಿ ಹೊಸದು. ತುಂಬಾ ಜನರಿಗೆ ಇದು ತಲೆಕೆಳಗಾಗಿ ಗೊತ್ತಿದೆ.

ಕುಷ್ಟಗಿ_ಹುಡುಗಿ:
ನಡುವೆ ಬಾಯಿ ಹಾಕ್ತಿದೀನಿ, ಸಾರಿ. ನಂದೂ ಸೌಂಡ್ ಇಲ್ಲ, ಆದರೆ ನಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹೋಗಿದ್ದು. ಸ್ಪೀಕರ್ ಚಿಹ್ನೆ ಮೇಲೆ ಕೆಂಪು ಗುಣಾಕಾರ ಬಂದಿದೆ, ಔಟ್‌ಪುಟ್ ಡಿವೈಸ್ ಸಿಗಲಿಲ್ಲ ಅನ್ನುತ್ತೆ. ಇದೂ ಅದೇನಾ?

ಹಳೇ_ಬೆಸುಗೆ:
ಅಲ್ಲಮ್ಮ, ನಿಂದು ನನ್ನ ಮೊದಲನೇ ಪ್ರಶ್ನೆಯಲ್ಲೇ ನಿಂತಿದೆ. ಚಿಪ್ ವಿಂಡೋಸ್‌ಗೆ ಕಾಣುತ್ತಿಲ್ಲ. ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗಿ. ಸೌಂಡ್ ಸಾಲಿನಲ್ಲಿ, ಸಿಸ್ಟಮ್ ಡಿವೈಸಸ್ ಸಾಲಿನಲ್ಲಿ ಎಲ್ಲಾದರೂ ಹಳದಿ ತ್ರಿಕೋನ ಇದೆಯಾ ನೋಡು.

ಕುಷ್ಟಗಿ_ಹುಡುಗಿ:
ಇದೆ ಅಣ್ಣಾ. ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ ಅಂತಿದೆ, ಡಿವೈಸ್ ಶುರುವಾಗಲಿಲ್ಲ, ಕೋಡ್ 10 ಅನ್ನುತ್ತೆ.

ಹಳೇ_ಬೆಸುಗೆ:
ಹಾಗಾದರೆ ಡ್ರೈವರ್ ತೊಂದರೆ, ಅಂದರೆ ಚಿಪ್ಪನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರಿನದು, ಬೋರ್ಡ್ ಅಲ್ಲ. ಇಂಟೆಲ್ ಪ್ರೊಸೆಸರ್ ಇರುವ ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಶಬ್ದ ಪ್ರೊಸೆಸರ್ ಪಕ್ಕದ ಇಂಟೆಲ್ ಭಾಗದಿಂದ ಹೊರಟು ರಿಯಲ್‌ಟೆಕ್ ಥರದ ಸೌಂಡ್ ಚಿಪ್‌ಗೆ ಬರುತ್ತದೆ. ಮೊದಲನೆಯ ಡ್ರೈವರ್ ಮಲಗಿದರೆ ಎರಡನೆಯದು ಇದ್ದೂ ಇಲ್ಲದ ಹಾಗೆ. ಇದು ನಿನ್ನೊಬ್ಬಳದೇ ಕಥೆ ಅಲ್ಲ. ಇಂಟೆಲ್‌ನ 11ನೇ ಪೀಳಿಗೆಯ ಪ್ರೊಸೆಸರ್ ಇದ್ದು ಈ ಡ್ರೈವರಿನ ಹಳೆಯ ಕೆಲವು ಆವೃತ್ತಿ ಇದ್ದ ಯಂತ್ರಗಳಿಗೆ ವಿಂಡೋಸ್ 11ರ 22ಎಚ್2 ಅಪ್‌ಡೇಟನ್ನು ಮೈಕ್ರೋಸಾಫ್ಟೇ ತಡೆಹಿಡಿದಿತ್ತು, ಹಾಕಿದರೆ ನೀಲಿ ಪರದೆ ಬರುತ್ತಿತ್ತು. 2024ರ ಕೊನೆಗೆ 24ಎಚ್2 ಬಂದಾಗ ಡಿರಾಕ್ ಅನ್ನುವ ಸೌಂಡ್ ಸಾಫ್ಟ್‌ವೇರ್ ಇದ್ದ ಲ್ಯಾಪ್‌ಟಾಪುಗಳಲ್ಲಿ ಸ್ಪೀಕರು, ಬ್ಲೂಟೂತು ಎಲ್ಲವೂ ಮೌನ ಆದವು, ಅದಕ್ಕೂ ತಡೆ ಹಾಕಿದರು.

ಮಾಡಬೇಕಾದ್ದು ಇಷ್ಟು. ಆ ಹಳದಿ ಗುರುತಿನ ಸಾಲಿನ ಮೇಲೆ ಬಲ ಕ್ಲಿಕ್, ಅನ್‌ಇನ್‌ಸ್ಟಾಲ್. ಡ್ರೈವರನ್ನೂ ತೆಗೆಯಬೇಕಾ ಅಂತ ಕೇಳುವ ಚೌಕಕ್ಕೆ ಟಿಕ್ ಹಾಕು. ರೀಸ್ಟಾರ್ಟ್ ಮಾಡು. ಆಮೇಲೆ ನಿನ್ನ ಲ್ಯಾಪ್‌ಟಾಪಿನ ತಳದಲ್ಲಿ ಮಾಡೆಲ್ ನಂಬರ್ ಇರುತ್ತದೆ, ತಯಾರಿಸಿದವರ ಸೈಟಿನಲ್ಲಿ ಅದೇ ನಂಬರಿನ ಆಡಿಯೋ ಡ್ರೈವರ್ ಇಳಿಸಿಕೊಂಡು ಹಾಕು. ಡ್ರೈವರ್ ಬೂಸ್ಟರ್ ಥರದ ಎಲ್ಲೆಲ್ಲಿಯದೋ ಸಾಫ್ಟ್‌ವೇರ್ ಹಾಕಬೇಡ, ಅವು ಒಂದು ಸರಿ ಮಾಡಿ ಎರಡು ಕೆಡಿಸುತ್ತವೆ.

ಶಕ್ತಿನಗರ_ಪೆಂಗ್ವಿನ್:
ವಿಂಡೋಸ್ ಬದಲು ಉಬುಂಟು (ಲಿನಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡವರಿಗೂ ಇದೇ ರೋಗ ಬೇರೆ ಹೆಸರಲ್ಲಿ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಡಮ್ಮಿ ಔಟ್‌ಪುಟ್ ಅಂತ ಒಂದೇ ಒಂದು ಸಾಲು ಇರುತ್ತೆ. ಅಂದರೆ ಲಿನಕ್ಸ್‌ಗೆ ಕಾರ್ಡ್ ಸಿಕ್ಕಿಲ್ಲ, ಕೇಳಿದವರ ಸಮಾಧಾನಕ್ಕೆ ಸುಳ್ಳು ಕಾರ್ಡ್ ಒಂದನ್ನು ಇಟ್ಟಿದೆ. ಹೊಸ ಇಂಟೆಲ್ ಯಂತ್ರಗಳಿಗೆ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಬೇಕು, ಅದಿಲ್ಲದಿದ್ದರೆ ಹೀಗಾಗುತ್ತೆ. ಇನ್ನು ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಇಯರ್‌ಫೋನ್ ಕೇಳಿಸುತ್ತೆ, ಸ್ಪೀಕರ್ ಮಾತ್ರ ಇಲ್ಲ. ಸ್ಪೀಕರಿಗೆ ಬೇರೆಯೇ ಆಂಪ್ಲಿಫೈಯರ್ ಚಿಪ್ ಇರುತ್ತೆ, ಅದನ್ನು ಎಬ್ಬಿಸುವ ಡ್ರೈವರ್ ಇಲ್ಲದಿದ್ದರೆ ಅದು ಏಳುವುದೇ ಇಲ್ಲ.

ಮೇಷ್ಟ್ರಿಗೆ ನನ್ನ ಸಲಹೆ: ಒಂದು ಪೆನ್‌ಡ್ರೈವಿನಲ್ಲಿ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಓಡಿಸಿ ನೋಡಿ. ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಅಲ್ಲಿ ಶಬ್ದ ಬಂದರೆ ವಿಂಡೋಸ್ ತಪ್ಪು, ಬರದಿದ್ದರೆ ಹಾರ್ಡ್‌ವೇರ್ ಕಡೆ ಅನುಮಾನ. ಫಾರ್ಮ್ಯಾಟ್ ಮಾಡಿ ತಿಳಿದುಕೊಳ್ಳುವುದನ್ನು ಫಾರ್ಮ್ಯಾಟ್ ಮಾಡದೇ ತಿಳಿದುಕೊಂಡ ಹಾಗಾಯಿತು.

ಮಾನ್ವಿ_ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ನರೇಟರ್ ಕೂಡ ಮಾತಾಡಲಿಲ್ಲ. ರೀಸ್ಟಾರ್ಟ್ ಕೊಟ್ಟೆ, ಆಗಲಿಲ್ಲ. ಅಣ್ಣನ ಮಗ ಒಂಬತ್ತನೇ ಕ್ಲಾಸು, ಅವನನ್ನು ಕೂರಿಸಿಕೊಂಡು ಪರದೆ ಓದಿಸಿದೆ. ಕೆಂಪು ಗುರುತು ಇಲ್ಲವಂತೆ, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನವೂ ಇಲ್ಲ. ವಾಲ್ಯೂಮ್ 80. ಅವನು ಒಂದು ಓದುತ್ತಾನೆ, ಎರಡು ಬಿಡುತ್ತಾನೆ, ಅವನಿಗೆ ಆಟಕ್ಕೆ ಹೋಗುವ ಅವಸರ.

ಬಳ್ಳಾರಿ_ಕೀಬೋರ್ಡ್:
ಹುಡುಗನಿಗೆ ಬೇಜಾರು ಮಾಡಬೇಡಿ ಸರ್, ಕೊನೆಯದಾಗಿ ಒಂದು ಕೆಲಸ ಕೊಡಿ, ಆಮೇಲೆ ಬಿಟ್ಟುಬಿಡಿ. ನಿಮ್ಮ ಎನ್‌ವಿಡಿಎ 2025.1 ಅಥವಾ ಅದರ ನಂತರದ್ದಾ? ಆಗಿದ್ದರೆ ರಿಮೋಟ್ ಆಕ್ಸೆಸ್ ಅದರೊಳಗೇ ಇದೆ, ಮೊದಲಿನ ಹಾಗೆ ಬೇರೆ ಆಡ್‌ಆನ್ ಬೇಡ. ಇನ್ಸರ್ಟ್ ಮತ್ತು ಎನ್ ಒತ್ತಿದರೆ ಮೆನು, ಟೂಲ್ಸ್ ಒಳಗೆ ರಿಮೋಟ್ ಆಕ್ಸೆಸ್, ಅಲ್ಲಿ ಕನೆಕ್ಟ್. ಈ ಕಂಪ್ಯೂಟರನ್ನು ಬೇರೆಯವರು ನಡೆಸಲಿ ಅನ್ನುವುದನ್ನು ಆರಿಸಿ ಕೀ ತಯಾರಿಸಲಿ. ಆ ಕೀ ನನಗೆ ಮೆಸೇಜಿನಲ್ಲಿ ಕಳಿಸಿ, ಇಲ್ಲಿ ಎಲ್ಲರೆದುರು ಹಾಕಬೇಡಿ.

ಇದರಲ್ಲಿ ಚೆಂದ ಏನು ಗೊತ್ತಾ? ನಿಮ್ಮ ಲ್ಯಾಪ್‌ಟಾಪ್ ಶಬ್ದ ಕಳಿಸುವುದಿಲ್ಲ, ಹೇಳಬೇಕಾದ ಮಾತನ್ನು ಅಕ್ಷರವಾಗಿ ಕಳಿಸುತ್ತದೆ. ಓದುವುದು ನನ್ನ ಲ್ಯಾಪ್‌ಟಾಪಿನ ದನಿ. ಹಾಗಾಗಿ ನಿಮ್ಮಲ್ಲಿ ಸ್ಪೀಕರ್ ಸತ್ತಿದ್ದರೂ ನನಗೆ ನಿಮ್ಮ ಪರದೆ ಕೇಳಿಸುತ್ತದೆ.

ಗಂಗಾವತಿ_ಬ್ರೋ:
ಅಕ್ಕಾ ಇದು ನಿಜವಾಗಲೂ ಇದೆಯಾ, ಸಖತ್.

ಬಳ್ಳಾರಿ_ಕೀಬೋರ್ಡ್:
ಇದೆ ತಮ್ಮಾ, ದುಡ್ಡೂ ಇಲ್ಲ. ಎನ್‌ವಿಡಿಎಯೇ ಉಚಿತ. 2006ರಲ್ಲಿ ಶುರು ಮಾಡಿದವರೂ ಕಣ್ಣು ಕಾಣದವರೇ, ಆಸ್ಟ್ರೇಲಿಯಾದವರು.

ಬಳ್ಳಾರಿ_ಕೀಬೋರ್ಡ್:
ಸರ್ ಒಪ್ಪಿಗೆ ಕೊಟ್ಟರು, ಅರ್ಧ ಗಂಟೆ ಅವರ ಲ್ಯಾಪ್‌ಟಾಪಿನಲ್ಲಿ ಓಡಾಡಿ ಬಂದೆ. ಬೆಸುಗೆ ಅಣ್ಣಾ, ನೋಡಿ.

ವಿಂಡೋಸ್ ಕೀ ಮತ್ತು ಆರ್ ಒತ್ತಿ, ಎಂ ಎಂ ಎಸ್ ವೈ ಎಸ್ ಡಾಟ್ ಸಿ ಪಿ ಎಲ್ ಅಂತ ಹೊಡೆದೆ. ಬಿಡಿಬಿಡಿಯಾಗಿ ಬರೆದಿದ್ದೇನೆ, ಫೋನಿನಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್ ಒಟ್ಟಿಗೆ ಓದಿದರೆ ಏನೂ ಗೊತ್ತಾಗುವುದಿಲ್ಲ. ಹಳೆಯ ಸೌಂಡ್ ಪ್ಯಾನೆಲ್ ತೆರೆಯುತ್ತದೆ. ಪ್ಲೇಬ್ಯಾಕ್ ಪಟ್ಟಿಯಲ್ಲಿ ಬಾಣದ ಕೀ ಒತ್ತಿದಾಗ ಕೇಳಿದ್ದು ಇದು: ಹೆಡ್‌ಫೋನ್ಸ್, ರಿಯಲ್‌ಟೆಕ್ ಆಡಿಯೋ, ಡೀಫಾಲ್ಟ್ ಡಿವೈಸ್. ಸ್ಪೀಕರ್ಸ್ ಅನ್ನುವ ಹೆಸರೇ ಇಲ್ಲ. ಟೆಸ್ಟ್ ಒತ್ತಿದರೆ ಎರರ್ ಬರುವುದಿಲ್ಲ. ಸರ್ ಅಣ್ಣನ ಮಗನನ್ನು ಮತ್ತೆ ಕರೆದರು, ಟೆಸ್ಟ್ ಒತ್ತಿದಾಗಲೆಲ್ಲ ಪಕ್ಕದ ಹಸಿರು ಗೆರೆ ಮೇಲೆ ಕೆಳಗೆ ಆಡುತ್ತದೆ ಅಂದ. ಆದರೂ ಕೋಣೆಯಲ್ಲಿ ನಿಶ್ಶಬ್ದ.

ಹಳೇ_ಬೆಸುಗೆ:
ಸಿಕ್ಕಿಬಿತ್ತು! ಮೇಷ್ಟ್ರೇ, ಜಾಕಿನಲ್ಲಿ ಈಗ ಇಯರ್‌ಫೋನ್ ಸಿಕ್ಕಿಸಿದ್ದೀರಾ?

ಮಾನ್ವಿ_ಮೇಷ್ಟ್ರು:
ಇಲ್ಲ. ಏನೂ ಇಲ್ಲ. ನಾನು ಜಾಸ್ತಿ ಸ್ಪೀಕರಿನಲ್ಲೇ ಕೇಳುವುದು.

ಹಳೇ_ಬೆಸುಗೆ:
ಹಾಗಾದರೆ ಚಿಪ್ ಸರಿ ಇದೆ, ಡ್ರೈವರ್ ಸರಿ ಇದೆ, ವಿಂಡೋಸ್ ಸರಿ ಇದೆ. ಶಬ್ದ ಹೊರಟಿದೆ, ಇಲ್ಲದ ಹೆಡ್‌ಫೋನಿಗೆ ಹೋಗುತ್ತಿದೆ. 3.5 ಮಿಲಿಮೀಟರ್ ಜಾಕಿನ ಒಳಗೆ ಒಂದು ಸಣ್ಣ ತಗಡಿನ ಎಲೆ ಇರುತ್ತದೆ. ಪಿನ್ ಒಳಗೆ ಹೋದಾಗ ಎಲೆ ಪಕ್ಕಕ್ಕೆ ಸರಿಯುತ್ತದೆ, ಚಿಪ್‌ಗೆ ಸುದ್ದಿ ಹೋಗುತ್ತದೆ, ಅದು ಸ್ಪೀಕರ್ ಮುಚ್ಚುತ್ತದೆ. ಎಲೆ ಸರಿದೇ ನಿಂತರೆ ಹೆಡ್‌ಫೋನ್ ಇದೆ ಅಂತಲೇ ಅದು ನಂಬುತ್ತದೆ. ನೀವು ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ಎಲೆ ಅಲ್ಲೇ ಇರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಹೆಸರು ಬದಲಾಗುವುದಿಲ್ಲ, ಯಾವಾಗಲೂ ಸ್ಪೀಕರ್ಸ್ ಅಂತಲೇ ತೋರಿಸುತ್ತದೆ, ಅಂಥದರಲ್ಲಿ ಕಂಡುಹಿಡಿಯುವುದು ಕಷ್ಟ. ನಿಮ್ಮ ಪುಣ್ಯಕ್ಕೆ ನಿಮ್ಮದು ಬದಲಾಯಿಸುವ ಜಾತಿ.

ಎಲೆ ಯಾಕೆ ಸಿಕ್ಕಿಕೊಂಡಿದೆ ಅನ್ನುವುದು ಮೂರನೇ ಪ್ರಶ್ನೆ. ಒಂದು ಇಯರ್‌ಫೋನ್ ತಂದು ನಿಧಾನ ಹಾಕಿ ನೋಡಿ. ಒತ್ತಬೇಡಿ, ಎಷ್ಟು ಹೋಗುತ್ತದೋ ಅಷ್ಟು. ಪೂರ್ತಿ ಒಳಗೆ ಹೋಗುತ್ತದಾ?

ರಾಯಚೂರು_ಅರಳೆ:
ನಮ್ಮ ಕಡೆ ಹತ್ತಿ ಸೀಸನ್ ಬಂದರೆ ಜಾಕಿಗೆ ಅರಳೆ ಹೋಗೋದು ಸಾಮಾನ್ಯ. ಮಿಲ್ಲಿನ ಆಫೀಸಿನ ಕಂಪ್ಯೂಟರ್ ಬಿಚ್ಚಿದರೆ ಫ್ಯಾನಿನ ಮೇಲೆ ಒಂದು ಪದರ ಇರುತ್ತೆ. ಮೇಷ್ಟ್ರದೂ ಅದೇ ಇರಬೇಕು, ಬ್ಲೋವರ್ ಹೊಡೆದರೆ ಮುಗೀತು.

ಹಳೇ_ಬೆಸುಗೆ:
ಇರಬಹುದು. ಬ್ಲೋವರ್ ಹೊಡೆಯುವ ಮುಂಚೆ ಮೇಷ್ಟ್ರ ಉತ್ತರ ಬರಲಿ. ಗಟ್ಟಿ ವಸ್ತು ಏನಾದರೂ ಇದ್ದರೆ ಗಾಳಿ ಅದನ್ನು ಇನ್ನೂ ಒಳಗೆ ತಳ್ಳುತ್ತದೆ.

ಮಾನ್ವಿ_ಮೇಷ್ಟ್ರು:
ಹೋಗುತ್ತಿಲ್ಲ. ಫೋನಿನ ಇಯರ್‌ಫೋನ್ ಹಾಕಿದೆ, ಒಂದು ಜೋಳದ ಕಾಳಿನಷ್ಟು ಹೊರಗೇ ಉಳಿಯುತ್ತದೆ, ಒಳಗೆ ಏನೋ ತಾಗಿದ ಹಾಗೆ ಗಟ್ಟಿ ನಿಲ್ಲುತ್ತದೆ. ಮೆತ್ತಗಿಲ್ಲ, ಅರಳೆ ಆದರೆ ಒತ್ತುತ್ತಿತ್ತು ಅಲ್ವಾ?

ಹಳೇ_ಬೆಸುಗೆ:
ಸರಿಯಾಗಿ ಹೇಳಿದಿರಿ. ಈಗ ಮನೆಯಲ್ಲಿರುವ ಇಯರ್‌ಫೋನುಗಳನ್ನೆಲ್ಲ ತೆಗೆಯಿರಿ, ಕೆಟ್ಟು ಮೂಲೆಗೆ ಬಿದ್ದದ್ದೂ ಸೇರಿ. ಪ್ರತಿಯೊಂದರ ಪಿನ್ನನ್ನು ಬೆರಳಲ್ಲಿ ಸವರಿ. ಸರಿ ಇರುವ ಪಿನ್ನಿನ ತುದಿ ಗುಂಡಗೆ ಇರುತ್ತದೆ, ತುದಿಯ ಹಿಂದೆ ಒಂದು ಸಣ್ಣ ಕುತ್ತಿಗೆ, ಆಮೇಲೆ ಸಪಾಟಾದ ಕಂಬ, ಅದರಲ್ಲಿ ಉಗುರಿಗೆ ತಗಲುವ ಪ್ಲಾಸ್ಟಿಕ್ ಗೆರೆಗಳು. ಮೈಕ್ ಇರುವುದಕ್ಕೆ ಗೆರೆ ಮೂರು, ಇಲ್ಲದ್ದಕ್ಕೆ ಎರಡು.

ಮಾನ್ವಿ_ಮೇಷ್ಟ್ರು:
ಸಿಕ್ಕಿತು. ಮೇಜಿನ ಡ್ರಾದಲ್ಲಿ ಒಂದು ಹಳೆಯದಿತ್ತು, ಹುಡುಗ ಆಟಕ್ಕೆ ಬಳಸುತ್ತಿದ್ದದ್ದು. ಸರಿ ಇರುವ ಪಿನ್ ಒಂದು ಕೈಯಲ್ಲಿ, ಇದು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದೆ. ಗುಂಡು ತುದಿ ಇಲ್ಲ, ಕುತ್ತಿಗೆ ಇದ್ದ ಕಡೆ ಬೆರಳಿಗೆ ಚುಚ್ಚುತ್ತದೆ. ಗೆರೆ ಎರಡೇ ತಗಲುತ್ತಿವೆ, ಮೈಕ್ ಇದ್ದ ಇಯರ್‌ಫೋನ್ ಅದು. ಕರೆಂಟ್ ಹೋದ ಕತ್ತಲಲ್ಲಿ ಅವನು ವೈರ್ ಹಿಡಿದು ಎಳೆದಿದ್ದನಂತೆ, ಇಯರ್‌ಫೋನ್ ಕೆಟ್ಟಿತು ಅಂದುಕೊಂಡು ಡ್ರಾಗೆ ಹಾಕಿದ್ದಾನೆ.

ಗಂಗಾವತಿ_ಬ್ರೋ:
ಯಪ್ಪಾ, ಪರದೆ ನೋಡಿದ ಅಂಗಡಿಯವನಿಗೆ ಸಿಗಲಿಲ್ಲ, ಮೇಷ್ಟ್ರು ಬೆರಳಲ್ಲೇ ಹಿಡಿದರು. ತುದಿ ತೆಗೆಯೋಕೆ ಯೂಟ್ಯೂಬಲ್ಲಿ ಒಂದು ಐಡಿಯಾ ಇದೆ, ರೀಫಿಲ್ ತುದಿಗೆ ಫೆವಿಕ್ವಿಕ್ ಹಚ್ಚಿ ಒಳಗೆ ಹಾಕಿ ಎಳೆಯೋದು.

ಹಳೇ_ಬೆಸುಗೆ:
ಆ ಐಡಿಯಾ ಮಾಡಿಕೊಂಡು ಬಂದವರಿಂದಲೇ ನನ್ನ ಅಂಗಡಿ ಬಾಡಿಗೆ ಹುಟ್ಟುತ್ತದೆ ತಮ್ಮಾ. ಅಂಟು ತುದಿಗಿಂತ ಮೊದಲು ಜಾಕಿನ ಗೋಡೆಗೆ, ಎಲೆಗೆ ಹಿಡಿಯುತ್ತದೆ. ಆಮೇಲೆ ಜಾಕೇ ಬದಲಾಯಿಸಬೇಕು. ಸೂಜಿಯೂ ಬೇಡ, ಅದರಲ್ಲೂ ಆನ್ ಇರುವಾಗ.

ಮೇಷ್ಟ್ರೇ, ಇದು ಅಂಗಡಿಯ ಕೆಲಸವೇ, ಆದರೆ ಸಣ್ಣದು. ಲ್ಯಾಪ್‌ಟಾಪ್ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಜಾಕಿನ ಹಿಂದುಗಡೆ ನೋಡಬೇಕು. ಕೆಲವು ಜಾಕಿಗೆ ಹಿಂದೆ ಸಣ್ಣ ರಂಧ್ರ ಇರುತ್ತದೆ, ಅಲ್ಲಿಂದ ತೆಳು ತಂತಿಯಲ್ಲಿ ನೂಕಿದರೆ ತುದಿ ಮುಂದಿನಿಂದ ಬೀಳುತ್ತದೆ. ಹಿಂದೆ ಮುಚ್ಚಿದ್ದರೆ ಜಾಕ್ ಬದಲಾವಣೆ. ಜಾಕ್ ಸಣ್ಣ ಬೇರೆ ಬೋರ್ಡಿನಲ್ಲಿ, ಯುಎಸ್‌ಬಿ ಪಕ್ಕದಲ್ಲಿ ಇದ್ದರೆ ಆ ಬೋರ್ಡನ್ನೇ ಬದಲಾಯಿಸಬಹುದು, ಪಟ್ಟಿ ಕೇಬಲ್ ತೆಗೆದು ಹಾಕಿದರೆ ಆಯಿತು. ಮುಖ್ಯ ಬೋರ್ಡಿಗೆ ಬೆಸುಗೆ ಹಾಕಿದ್ದರೆ ಕೈ ಕುದುರಿದವರು ಬೇಕು. ಏನೇ ಆದರೂ 4,500ರ ಮಾತೇ ಇಲ್ಲ. ಅಂಗಡಿಗೆ ಹೋದಾಗ ಸೌಂಡ್ ಬರುತ್ತಿಲ್ಲ ಅನ್ನಬೇಡಿ. ಹೆಡ್‌ಫೋನ್ ಜಾಕಿನಲ್ಲಿ ಪಿನ್ ತುದಿ ಮುರಿದು ಸಿಕ್ಕಿಕೊಂಡಿದೆ, ತೆಗೆಯಿರಿ ಅನ್ನಿ. ಮುರಿದ ಇಯರ್‌ಫೋನ್ ಜೊತೆಗೇ ತೆಗೆದುಕೊಂಡು ಹೋಗಿ ತೋರಿಸಿ.

ಶಕ್ತಿನಗರ_ಪೆಂಗ್ವಿನ್:
ಸ್ಪೀಕರ್ ಬದುಕಿದೆ ಅಂತ ಮೊದಲೇ ಖಾತ್ರಿ ಮಾಡಿಕೊಂಡು ಹೋಗಬೇಕಾ? ಪೆನ್‌ಡ್ರೈವ್ ಉಬುಂಟು ಈಗ ಕೆಲಸಕ್ಕೆ ಬರುತ್ತೆ. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆಗೆದು ಆಲ್ಸಾಮಿಕ್ಸರ್ ಅನ್ನುವ ಸೌಂಡ್ ಹೊಂದಿಸುವ ಪ್ರೋಗ್ರಾಂ ಓಡಿಸಿ, ಎಫ್6 ಒತ್ತಿ ಕಾರ್ಡ್ ಆರಿಸಿ. ಬಲಕ್ಕೆ ಹೋಗುತ್ತಾ ಹೋದರೆ ಆಟೋ-ಮ್ಯೂಟ್ ಮೋಡ್ ಅಂತ ಸಿಗುತ್ತೆ. ಹೆಡ್‌ಫೋನ್ ಸಿಕ್ಕಿಸಿದರೆ ಸ್ಪೀಕರ್ ಮುಚ್ಚು ಅನ್ನುವ ನಿಯಮ ಅದೇ. ಅದನ್ನು ಡಿಸೇಬಲ್ಡ್ ಮಾಡಿ. ಸ್ಪೀಕರ್ ಕಂಬದ ಕೆಳಗೆ ಎಂಎಂ ಅಂತಿದ್ದರೆ ಅದು ಮ್ಯೂಟ್, ಎಂ ಕೀ ಒತ್ತಿದರೆ ಸೊನ್ನೆ ಸೊನ್ನೆ ಆಗುತ್ತೆ, ಬಾಣದ ಕೀಯಿಂದ ಮೇಲೆ ಏರಿಸಿ. ತುದಿ ಒಳಗೇ ಇದ್ದರೂ ಸ್ಪೀಕರ್ ಮಾತಾಡಬೇಕು. ಉಬುಂಟುವಿನಲ್ಲಿ ಓದಿ ಹೇಳುವುದು ಆರ್ಕಾ, ವಿಂಡೋಸ್ ಕೀ, ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ ಶುರು.

ಮಾನ್ವಿ_ಮೇಷ್ಟ್ರು:
ಪೆಂಗ್ವಿನ್ ಸರ್, ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಪೆನ್‌ಡ್ರೈವ್ ಮಾಡಿಸಿಕೊಂಡು ಬಂದು ನೀವು ಹೇಳಿದ ಹಾಗೆ ಹುಡುಗನ ಕೈಯಲ್ಲಿ ಮಾಡಿಸಿದೆ. ಆಟೋ-ಮ್ಯೂಟ್ ತೆಗೆದು ಕಂಬ ಏರಿಸಿದ ಕೂಡಲೇ ಸ್ಪೀಕರಿನಿಂದ ಆರ್ಕಾ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿತು, ಒಳಮನೆಯಿಂದ ನಮ್ಮವ್ವ ಯಾರು ಬಂದರು ಅಂತ ಕೇಳಿದಳು.

ಈಗ ಒಂದೇ ಚಿಂತೆ. ನಾಳಿದ್ದು ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಕೊಡಬೇಕು, ರಾಯಚೂರಿಗೆ ಹೋಗೋಕೆ ಭಾನುವಾರದವರೆಗೆ ಆಗುವುದಿಲ್ಲ.

ಬಳ್ಳಾರಿ_ಕೀಬೋರ್ಡ್:
ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ ಸರ್. ಹೆಬ್ಬೆರಳಿನಷ್ಟು ಇರುತ್ತದೆ, ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಹಾಕಿದ ಕೂಡಲೇ ವಿಂಡೋಸ್ ಸಾಮಾನ್ಯವಾಗಿ ತಾನೇ ಅದಕ್ಕೆ ಹೊರಳುತ್ತದೆ, ಪರದೆ ನೋಡುವ ಕೆಲಸ ಇಲ್ಲ. ಟೈಪ್-ಸಿ ಇಯರ್‌ಫೋನ್ ಇದ್ದು ಲ್ಯಾಪ್‌ಟಾಪಿಗೆ ಆ ತೂತು ಇದ್ದರೆ ಅದೂ ನಡೆಯಬಹುದು.

ಬ್ಲೂಟೂತ್ ಬೇಡ ಅನ್ನುತ್ತೇನೆ. ಜೋಡಿಸುವಾಗ ಪರದೆ ನೋಡಬೇಕು, ಅದು ಬಿಡಿ. ಎನ್‌ವಿಡಿಎ ಸ್ವಲ್ಪ ಸುಮ್ಮನಿದ್ದರೆ ಬ್ಲೂಟೂತ್ ನಿದ್ದೆ ಹೋಗುತ್ತದೆ, ಮುಂದಿನ ಮಾತಿನ ಮೊದಲ ಅಕ್ಷರ ನುಂಗಿಬಿಡುತ್ತದೆ. ಅಂಕಪಟ್ಟಿಯಲ್ಲಿ ನಲವತ್ತೆಂಟು ಹೋಗಿ ಎಂಟು ಕೇಳಿಸಿದರೆ ಕಥೆ ಏನು?

ಶಕ್ತಿನಗರ_ಪೆಂಗ್ವಿನ್:
ಯುಎಸ್‌ಬಿ ಕಾರ್ಡ್ ಹಾಕುವ ಮೊದಲು ವಿಂಡೋಸ್ ಅಪ್‌ಡೇಟ್ ಆಗಿರಲಿ. 2025ರ ಜನವರಿಯ ಸೆಕ್ಯುರಿಟಿ ಅಪ್‌ಡೇಟ್ ಬಂದಾಗ ಹಳೇ ಬಗೆಯ ಯುಎಸ್‌ಬಿ ಆಡಿಯೋ ಡ್ರೈವರ್ ಬಳಸುವ ಕೆಲವು ಕಾರ್ಡುಗಳು ಕೋಡ್ 10 ಕೊಟ್ಟು ನಿಂತಿದ್ದವು. ಆಮೇಲಿನ ಅಪ್‌ಡೇಟಿನಲ್ಲಿ ಸರಿ ಮಾಡಿದರು.

ಕುಷ್ಟಗಿ_ಹುಡುಗಿ:
ಬೆಸುಗೆ ಅಣ್ಣಾ ನಂದು ಸರಿ ಆಯ್ತು!! ಡ್ರೈವರ್ ಚೌಕಕ್ಕೆ ಟಿಕ್ ಹಾಕಿ ತೆಗೆದೆ, ಮಾಡೆಲ್ ನಂಬರಿನ ಡ್ರೈವರ್ ಹಾಕಿದೆ, ರೀಸ್ಟಾರ್ಟ್ ಆದ ಮೇಲೆ ಸೌಂಡ್ ಬಂತು. ಇಲ್ಲೂ ಒಬ್ಬರು ಸ್ಪೀಕರ್ ಬದಲಾಯಿಸಬೇಕು ಅಂದಿದ್ದರು.

ಹಳೇ_ಬೆಸುಗೆ:
ಒಳ್ಳೆಯದಾಯಿತು. ಸ್ಪೀಕರ್ ಎರಡೂ ಒಟ್ಟಿಗೆ ಸಾಯುವುದು ಅಪರೂಪ. ಹೋದರೆ ಒಂದು ಹೋಗುತ್ತದೆ, ಇಲ್ಲ ಒಡೆದ ದನಿ ಬರುತ್ತದೆ. ಮೀಟರ್ ಹಿಡಿದರೆ ಒಳ್ಳೆಯ ಸ್ಪೀಕರ್ ನಾಲ್ಕೋ ಎಂಟೋ ಓಮ್ ಹತ್ತಿರ ತೋರಿಸುತ್ತದೆ, ಸತ್ತದ್ದು ಏನೂ ತೋರಿಸುವುದಿಲ್ಲ. ಅರ್ಧ ನಿಮಿಷದ ಕೆಲಸ. ಮೀಟರ್ ಹಿಡಿಯದೆ ಸ್ಪೀಕರ್ ಹೋಗಿದೆ ಅಂದವರಿಗೆ ಲ್ಯಾಪ್‌ಟಾಪ್ ಕೊಡಬೇಡಿ.

ಮಾನ್ವಿ_ಮೇಷ್ಟ್ರು:
ಯುಎಸ್‌ಬಿ ಕಾರ್ಡಿಗೆ 180 ಕೊಟ್ಟೆ. ಸಿಕ್ಕಿಸಿದ ಕೂಡಲೇ ಎನ್‌ವಿಡಿಎ ಮಾತಾಡಿತು, ಪ್ರಶ್ನೆಪತ್ರಿಕೆ ಮುಗಿಸಿ ಕೊಟ್ಟೆ. ಭಾನುವಾರ ರಾಯಚೂರಿಗೆ ಹೋಗಿದ್ದೆ, ಈ ಸಲ ತೀನ್ ಕಂದೀಲ್ ಕಡೆಯ ಬೇರೆ ಅಂಗಡಿ. ಬೆಸುಗೆಯವರು ಹೇಳಿಕೊಟ್ಟ ಮಾತನ್ನೇ ಹೇಳಿ, ಮುರಿದ ಇಯರ್‌ಫೋನ್ ಕೈಗೆ ಕೊಟ್ಟೆ. ಆ ಹುಡುಗ ಏನೂ ವಾದ ಮಾಡದೆ ಬಿಚ್ಚಿದ. ಜಾಕಿನ ಹಿಂದೆ ರಂಧ್ರ ಇತ್ತು, ತಂತಿಯಲ್ಲಿ ನೂಕಿದ, ಟಣ್ ಅಂತ ಮೇಜಿನ ಮೇಲೆ ಬಿತ್ತು. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ. ಒಳಗಿನ ಧೂಳನ್ನೂ ಬ್ರಷ್ಷಿನಲ್ಲಿ ತೆಗೆದ. 300 ತಗೊಂಡ.

ಒಂದು ಅನುಮಾನ ಉಳಿದಿದೆ. ಯುಎಸ್‌ಬಿ ಕಾರ್ಡ್ ಈಗ ಸುಮ್ನೆ ಬಿದ್ದಿದೆ, ಅದರಿಂದ ಬೇರೇನಾದರೂ ಉಪಯೋಗ ಇದೆಯಾ?

ಬಳ್ಳಾರಿ_ಕೀಬೋರ್ಡ್:
ಇದೆ ಸರ್, ಅದರಲ್ಲೂ ಮೇಷ್ಟ್ರಿಗೆ. ತರಗತಿಯಲ್ಲಿ ವಿಡಿಯೋ ತೋರಿಸುವಾಗ ಎನ್‌ವಿಡಿಎ ಮಾತು ವಿಡಿಯೋ ಶಬ್ದದ ಮೇಲೆ ಬೀಳುತ್ತದೆ ಅಲ್ವಾ, ಮಕ್ಕಳಿಗೆ ಎರಡೂ ಕೇಳಿಸುತ್ತದೆ. ಎನ್‌ವಿಡಿಎ ಸೆಟ್ಟಿಂಗ್ಸ್‌ನ ಆಡಿಯೋ ವಿಭಾಗದಲ್ಲಿ ಔಟ್‌ಪುಟ್ ಡಿವೈಸ್ ಅಂತಿದೆ, ಅಲ್ಲಿ ಯುಎಸ್‌ಬಿ ಕಾರ್ಡ್ ಆರಿಸಿ. ವಿಂಡೋಸ್‌ನ ಡೀಫಾಲ್ಟ್ ಮಾತ್ರ ಲ್ಯಾಪ್‌ಟಾಪಿನ ಸ್ಪೀಕರೇ ಇರಲಿ. ವಿಂಡೋಸ್ ಕೀ, ಕಂಟ್ರೋಲ್, ವಿ ಒತ್ತಿದರೆ ಔಟ್‌ಪುಟ್ ಪಟ್ಟಿ ಬರುತ್ತದೆ, ಅಲ್ಲಿ ನೋಡಿಕೊಳ್ಳಿ. ಆಗ ವಿಡಿಯೋ ತರಗತಿಗೆ, ಎನ್‌ವಿಡಿಎ ನಿಮ್ಮ ಕಿವಿಗೆ ಮಾತ್ರ.

ಮಾನ್ವಿ_ಮೇಷ್ಟ್ರು:
ಮಾಡಿ ನೋಡಿದೆ, ಬೇರೆ ಬೇರೆಯಾಗಿ ಬರುತ್ತಿದೆ. ಇಷ್ಟು ವರ್ಷ ಎನ್‌ವಿಡಿಎ ಬಾಯಿ ಮುಚ್ಚಿಸಿ ಅಂದಾಜಿನಲ್ಲಿ ವಿಡಿಯೋ ಹಾಕುತ್ತಿದ್ದೆ. ಕಾರ್ಡ್ ನಡುವೆ ಕಳಚಿಕೊಂಡರೆ ಏನಾಗುತ್ತದೆ?

ಬಳ್ಳಾರಿ_ಕೀಬೋರ್ಡ್:
ಹೊಸ ಎನ್‌ವಿಡಿಎ ಆದರೆ ತಾನೇ ಡೀಫಾಲ್ಟ್ ಸ್ಪೀಕರಿಗೆ ಬರುತ್ತದೆ, ಮಾತು ನಿಲ್ಲುವುದಿಲ್ಲ. ಆದರೆ ಇಡೀ ತರಗತಿಗೆ ಕೇಳಿಸುತ್ತದೆ. ಪ್ರಶ್ನೆಪತ್ರಿಕೆ ತೆರೆದಿದ್ದಾಗ ವೈರ್ ಮೇಲೆ ಒಂದು ಕಣ್ಣು, ಅಲ್ಲಲ್ಲ, ಒಂದು ಕೈ ಇರಲಿ ಸರ್.

ಗಂಗಾವತಿ_ಬ್ರೋ:
ಮೇಷ್ಟ್ರ ಕ್ಲಾಸಿನ ಹುಡುಗರು ಇದನ್ನು ಓದದಿದ್ದರೆ ಸಾಕು 😄